ಮುರಿದ ಬೆರಳ ತುದಿಯೂ 'ಜಬ್ರ್' ಎಂಬ ವಿದ್ಯೆಯೂ

ಮರಣಾನಂತರದ ಜೀವನವನ್ನು ನಿರಾಕರಿಸುತ್ತಿದ್ದ ಮಕ್ಕಾದ ಜನರಿಗೆ ಪವಿತ್ರ ಕುರ್‌ಆನ್ ಹಲವು ವಿಧಗಳಲ್ಲಿ ಉತ್ತರ ನೀಡಿದೆ. 75ನೇ ಅಧ್ಯಾಯವಾದ ಅಲ್ ಕಿಯಾಮಃದ ಆರಂಭದಲ್ಲಿ ಆ ಉತ್ತರವು ಮನುಷ್ಯನ ಎಲುಬುಗಳ ಕಡೆಗೆ ತಿರುಗುತ್ತದೆ. ಚದುರಿಹೋದ ಎಲುಬುಗಳನ್ನು ಅಲ್ಲಾಹನು ಒಟ್ಟುಗೂಡಿಸಲಾರನೆಂದು ಭಾವಿಸುವ ಮನುಷ್ಯನಿಗೆ, ಎಲುಬುಗಳಷ್ಟೇ ಅಲ್ಲ, ಅವನ ಬೆರಳ ತುದಿಗಳನ್ನೂ ಮೊದಲಿನಂತೆ ಸರಿಯಾಗಿ ರೂಪಿಸಲು ಅವನು ಶಕ್ತನೆಂದು ಅಲ್ಲಿ ಹೇಳಲಾಗಿದೆ. ತಲೆಬುರುಡೆ, ಬೆನ್ನೆಲುಬು, ತೊಡೆಯೆಲುಬು ಎಂಬ ದೊಡ್ಡ ಎಲುಬುಗಳನ್ನೆಲ್ಲ ಬಿಟ್ಟು ಅತ್ಯಂತ ಕಿರಿದಾದ ಬೆರಳ ತುದಿಯನ್ನೇ ಏಕೆ ಹೆಸರಿಸಲಾಯಿತು?

ಈ ವಚನವನ್ನು ಓದಿದಾಗಲೆಲ್ಲ ನಮ್ಮಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ಬೆರಳಚ್ಚು. ಆದರೆ ಪ್ರಾಚೀನ ವ್ಯಾಖ್ಯಾನಕಾರರು ಇನ್ನೊಂದು ಅರ್ಥವನ್ನು ಹೇಳಿದ್ದರು. ಹಝ್ರತ್ ಇಬ್ನ್ ಅಬ್ಬಾಸ್(ರ) ಅವರಿಂದ ಉದ್ಧೃತವಾಗಿರುವ ವಿವರಣೆಯ ಪ್ರಕಾರ, ಅಲ್ಲಾಹನು ಬಯಸಿದ್ದರೆ ಮನುಷ್ಯನ ಬೆರಳುಗಳನ್ನು ಒಂಟೆಯ ಪಾದದಂತೆ ಒಂದೇ ಮುದ್ದೆಯಾಗಿ ಮಾಡಿಬಿಡಬಹುದಿತ್ತು. ಹಾಗಾಗಿದ್ದರೆ ಹಿಡಿಯುವ, ಹೆಣೆಯುವ, ಬರೆಯುವ ಸಾಮರ್ಥ್ಯ ಅವನಿಗಿರುತ್ತಿರಲಿಲ್ಲ. ಅಂದರೆ ಆ ಮಹಾನುಭಾವರ ದೃಷ್ಟಿ ಬೆರಳಿನ ಗೆರೆಗಳ ಮೇಲಲ್ಲ, ಬೆರಳಿನ ಕೆಲಸದ ಮೇಲೆ ನೆಟ್ಟಿತ್ತು. ಈ ಲೇಖನದಲ್ಲಿ ನಾವು ಹಿಡಿಯಬಯಸುವ ಎಳೆಯೂ ಅದೇ. ಬೆರಳ ತುದಿ ಮುರಿದಾಗ ಆ ಕೆಲಸವನ್ನು ಮರಳಿ ಕೊಡಿಸಲು ಮನುಷ್ಯನು ಕಲಿತ ವಿದ್ಯೆ ಯಾವುದು, ಅದರಲ್ಲಿ ನಮ್ಮ ಪೂರ್ವಜರ ಪಾಲೆಷ್ಟು, ಇಂದು ಆ ಅನುಗ್ರಹದೊಂದಿಗೆ ನಾವು ಹೇಗೆ ವರ್ತಿಸುತ್ತಿದ್ದೇವೆ ಎಂಬುದನ್ನು ಪರಿಶೀಲಿಸೋಣ.

ಬೆರಳಿಗೆ ಇಸ್ಲಾಮ್ ನೀಡಿದ ಬೆಲೆ

ಪ್ರತಿಯೊಂದು ಕೈಯಲ್ಲಿ 27 ಎಲುಬುಗಳಿವೆ. ಅವುಗಳಲ್ಲಿ 14 ಬೆರಳುಗಳಿಗೆ ಸೇರಿದವು: ಹೆಬ್ಬೆರಳಿಗೆ ಎರಡು, ಉಳಿದ ನಾಲ್ಕಕ್ಕೆ ಮೂರು ಮೂರು. ಶರೀರದ ಪ್ರತಿಯೊಂದು ಕೀಲಿಗೂ ಪ್ರತಿದಿನ ಒಂದು ದಾನ ಸಲ್ಲಬೇಕೆಂದೂ, ಇಬ್ಬರ ನಡುವೆ ನ್ಯಾಯ ಮಾಡುವುದು, ಒಳ್ಳೆಯ ಮಾತಾಡುವುದು, ದಾರಿಯಿಂದ ತೊಡಕನ್ನು ಸರಿಸುವುದು ಇವೆಲ್ಲ ಆ ದಾನಗಳೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ಹಝ್ರತ್ ಆಯಿಶಾ(ರ) ಅವರಿಂದ ಮುಸ್ಲಿಮ್ ಗ್ರಂಥದಲ್ಲಿ ವರದಿಯಾದ ಹದೀಸ್ ಆ ಕೀಲುಗಳ ಸಂಖ್ಯೆಯನ್ನು 360 ಎಂದು ತಿಳಿಸುತ್ತದೆ. ಅಲ್ಲಾಹನ ಸ್ಮರಣೆಯನ್ನು ಬೆರಳ ತುದಿಗಳಲ್ಲಿ ಎಣಿಸಬೇಕೆಂದು ಪ್ರವಾದಿ(ಸ) ಮಹಿಳೆಯರಿಗೆ ಉಪದೇಶಿಸಿದ್ದೂ ಹದೀಸ್ ಗ್ರಂಥಗಳಲ್ಲಿದೆ. ಆ ತುದಿಗಳು ನಾಳೆ ಪ್ರಶ್ನಿಸಲ್ಪಡುವುವು ಮತ್ತು ಮಾತಾಡಿಸಲ್ಪಡುವುವು ಎಂಬುದು ಅದಕ್ಕೆ ನೀಡಲಾದ ಕಾರಣ.

ಗಾಯಗೊಂಡ ಬೆರಳಿಗೂ ನಮ್ಮ ಇತಿಹಾಸದಲ್ಲಿ ಸ್ಥಾನವಿದೆ. ಹಿ.ಶ. 3ರ ಉಹುದ್ ಯುದ್ಧದಲ್ಲಿ ಹಝ್ರತ್ ತಲ್ಹಾ ಇಬ್ನ್ ಉಬೈದುಲ್ಲಾಹ್(ರ) ಅವರು ಪ್ರವಾದಿಯವರ(ಸ) ರಕ್ಷಣೆಗಾಗಿ ತಮ್ಮ ಕೈಯನ್ನೇ ಗುರಾಣಿಯಾಗಿ ಒಡ್ಡಿದರು. ಆ ಕೈ ಮುಂದೆ ನಿಶ್ಚೇಷ್ಟಿತವಾಗಿಯೇ ಉಳಿಯಿತು. ಅದನ್ನು ಕಣ್ಣಾರೆ ಕಂಡವರ ಸಾಕ್ಷ್ಯ ಬುಖಾರಿ ಗ್ರಂಥದಲ್ಲಿದೆ. ಒಂದು ಕೈ ಕೆಲಸ ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ಆ ತಲೆಮಾರು ಬಲ್ಲದಾಗಿತ್ತು.

ಆದ್ದರಿಂದಲೇ ಗಾಯದ ಪರಿಹಾರಧನದ ವಿಷಯದಲ್ಲಿ ಇಸ್ಲಾಮೀ ಕಾನೂನು ಬೆರಳಿನ ಲೆಕ್ಕವನ್ನೂ ಇಟ್ಟಿತು. ಇಮಾಮ್ ಶಾಫಿಈ(ರ) ಅವರು ತಮ್ಮ 'ಅರ್ರಿಸಾಲಃ' ಗ್ರಂಥದಲ್ಲಿ ಚರ್ಚಿಸಿರುವ ಒಂದು ಪ್ರಸಂಗ ಇಲ್ಲಿ ಗಮನಾರ್ಹವಾಗಿದೆ. ಖಲೀಫಾ ಉಮರ್(ರ) ಅವರು ಒಂದು ಕೈಗೆ ಸಲ್ಲುವ 50 ಒಂಟೆಗಳನ್ನು ಬೆರಳುಗಳ ಉಪಯೋಗಕ್ಕೆ ಅನುಗುಣವಾಗಿ ಹಂಚಿದ್ದರು: ಹೆಬ್ಬೆರಳಿಗೆ 15, ತೋರುಬೆರಳಿಗೂ ನಡುಬೆರಳಿಗೂ ತಲಾ 10, ಉಂಗುರದ ಬೆರಳಿಗೆ 9, ಕಿರುಬೆರಳಿಗೆ 6. ಬುದ್ಧಿಗೆ ಒಪ್ಪುವ ಹಂಚಿಕೆಯೇ ಅದು. ಆದರೆ ಮುಂದೆ ಹಝ್ರತ್ ಅಮ್ರ್ ಇಬ್ನ್ ಹಝ್ಮ್(ರ) ಅವರ ಮನೆತನದಲ್ಲಿದ್ದ ಪ್ರವಾದಿಯವರ(ಸ) ಪತ್ರದಲ್ಲಿ ಪ್ರತಿಯೊಂದು ಬೆರಳಿಗೂ 10 ಒಂಟೆಗಳೆಂದಿರುವುದು ತಿಳಿದಾಗ ಮುಸ್ಲಿಮರು ಆ ತೀರ್ಪನ್ನು ಬಿಟ್ಟು ಪತ್ರವನ್ನೇ ಅನುಸರಿಸಿದರು. ಹೆಬ್ಬೆರಳೂ ಕಿರುಬೆರಳೂ ಸಮಾನವಾದವು. ಕರ್ಮಶಾಸ್ತ್ರ ವಿದ್ವಾಂಸರು ಇನ್ನೂ ಮುಂದೆ ಹೋಗಿ ಬೆರಳಿನ ಒಂದೊಂದು ಗೆಣ್ಣಿಗೂ ಪಾಲು ನಿಗದಿಪಡಿಸಿದರು. ಮೂರು ಗೆಣ್ಣುಗಳ ಬೆರಳಿನ ತುದಿಗೆ ಬೆರಳಿನ ಮೂರನೆಯ ಒಂದು ಭಾಗ, ಎರಡು ಗೆಣ್ಣುಗಳ ಹೆಬ್ಬೆರಳಿನ ತುದಿಗೆ ಅರ್ಧ ಎಂಬುದು ಬಹುಸಂಖ್ಯಾತ ವಿದ್ವಾಂಸರ ನಿಲುವು. ಕೂಲಿಯವನ ಕಿರುಬೆರಳ ತುದಿಯೂ ನ್ಯಾಯಾಲಯದಲ್ಲಿ ಲೆಕ್ಕಕ್ಕೆ ಬರುವ ವಸ್ತುವಾಯಿತು.

'ಜಬ್ರ್' ಎಂಬ ಪದದ ಪ್ರಯಾಣ

ಮುರಿದ ಎಲುಬನ್ನು ಜೋಡಿಸುವುದಕ್ಕೆ ಅರಬೀ ಭಾಷೆಯಲ್ಲಿ 'ಜಬ್ರ್' ಎನ್ನುತ್ತಾರೆ. ಜೋಡಿಸುವವನು 'ಮುಜಬ್ಬಿರ್'. ಅವನು ಕಟ್ಟುವ ದಬ್ಬೆ ಅಥವಾ ಪಟ್ಟಿಗೆ 'ಜಬೀರಃ'. ಒಂಬತ್ತನೇ ಶತಮಾನದಲ್ಲಿ ಬಗ್ದಾದ್‌ನ ಗಣಿತಜ್ಞ ಅಲ್ ಖ್ವಾರಿಝ್ಮಿ ಸಮೀಕರಣಗಳ ಕುರಿತು ಬರೆದ ಗ್ರಂಥದ ಹೆಸರಿನಲ್ಲಿ ಇದೇ ಪದವನ್ನು ಬಳಸಿದರು. ಸಮೀಕರಣದಲ್ಲಿ ಕೊರತೆಯಾದುದನ್ನು ತುಂಬಿ ಸರಿಪಡಿಸುವುದು ಅಲ್ಲಿ ಅದರ ಅರ್ಥ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ 'ಆಲ್ಜೀಬ್ರಾ' ಎಂಬ ಹೆಸರು ಹುಟ್ಟಿದ್ದು ಹೀಗೆ. ಸ್ಪೇನಿನಲ್ಲಿ ಮಾತ್ರ ಆ ಪದ ತನ್ನ ಹಳೆಯ ಅರ್ಥವನ್ನೂ ಬಿಡಲಿಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ 'ಅಲ್ಜೆಬ್ರಿಸ್ತಾ' ಎಂದರೆ ಎಲುಬು ಕೂಡಿಸುವವನು ಎಂಬ ಅರ್ಥ ಶತಮಾನಗಳ ಕಾಲ ಉಳಿದಿತ್ತು.

ಅಲ್ಲಾಹನ ಸುಂದರ ನಾಮಗಳಲ್ಲಿ ಒಂದಾದ 'ಅಲ್ ಜಬ್ಬಾರ್' ಕೂಡ ಇದೇ ಧಾತುವಿನಿಂದ ಬಂದುದು. ಸರ್ವರನ್ನೂ ಅಧೀನದಲ್ಲಿಟ್ಟವನು ಎಂಬ ಅರ್ಥದ ಜೊತೆಗೆ, ಮುರಿದವರನ್ನು ಜೋಡಿಸುವವನು, ದುರ್ಬಲರ ಕೊರತೆಯನ್ನು ತುಂಬುವವನು ಎಂಬ ಅರ್ಥವನ್ನೂ ವಿದ್ವಾಂಸರು ನೀಡಿದ್ದಾರೆ. ನಮಾಝ್‌ನ ಎರಡು ಸುಜೂದ್‌ಗಳ ನಡುವೆ ಕುಳಿತು ಹೇಳುವ ಪ್ರಾರ್ಥನೆಯಲ್ಲಿ 'ವಜ್‌ಬುರ್‌ನೀ' ಎಂಬ ಪದವಿದೆ. ನನ್ನನ್ನು ಸರಿಪಡಿಸು, ನನ್ನ ಮುರಿತವನ್ನು ಜೋಡಿಸು ಎಂಬುದು ಅದರ ತಾತ್ಪರ್ಯ. ಪ್ರತಿದಿನ ಹಲವು ಬಾರಿ ನಾವು ಎಲುಬು ಕೂಡಿಸುವವನ ಪದದಲ್ಲೇ ನಮ್ಮ ಪ್ರಭುವನ್ನು ಬೇಡುತ್ತೇವೆ. ಆದರೆ ಅದು ಎಷ್ಟು ಜನರ ಗಮನಕ್ಕೆ ಬಂದಿದೆ?

ಅಝ್ಝಹ್ರಾವಿಯ ನೋವು

ಈ ವಿದ್ಯೆಯ ಇತಿಹಾಸದಲ್ಲಿ ಅತ್ಯಂತ ಎತ್ತರದಲ್ಲಿ ನಿಲ್ಲುವ ಹೆಸರು ಅಬುಲ್ ಕಾಸಿಮ್ ಖಲಫ್ ಇಬ್ನ್ ಅಬ್ಬಾಸ್ ಅಝ್ಝಹ್ರಾವಿ. ಯುರೋಪಿನವರು ಅವರನ್ನು ಅಲ್ಬುಕಾಸಿಸ್ ಎಂದು ಕರೆದರು. ಅಂದಲೂಸ್‌ನ ರಾಜಧಾನಿ ಕುರ್ತುಬಾದ ಸಮೀಪ ಖಲೀಫಾ ಮೂರನೇ ಅಬ್ದುರ್ರಹ್ಮಾನ್ ಕಟ್ಟಿಸಿದ ಮದೀನತುಝ್ಝಹ್ರಾ ನಗರದಿಂದ ಅವರಿಗೆ ಆ ಹೆಸರು ಬಂತು. ಹತ್ತನೇ ಶತಮಾನದ ಉತ್ತರಾರ್ಧ ಮತ್ತು ಹನ್ನೊಂದನೇ ಶತಮಾನದ ಆರಂಭ ಅವರ ಕಾಲ. ಅರ್ಧ ಶತಮಾನದಷ್ಟು ದೀರ್ಘವಾದ ವೈದ್ಯಾನುಭವವನ್ನು ಅವರು 'ಅತ್ತಸ್ರೀಫ್' ಎಂಬ 30 ಭಾಗಗಳ ಗ್ರಂಥದಲ್ಲಿ ಇಳಿಸಿದರು. ಕ್ರಿ.ಶ. 1000ದ ಆಸುಪಾಸಿನಲ್ಲಿ ಅದು ಪೂರ್ಣಗೊಂಡಿತು.

ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಮೂರು ಪ್ರಕರಣಗಳಿವೆ: ಕಾಯಿಸಿದ ಲೋಹದಿಂದ ಸುಡುವ ಚಿಕಿತ್ಸೆ, ಕೊಯ್ದು ಮಾಡುವ ಚಿಕಿತ್ಸೆ, ಮತ್ತು ಎಲುಬು ಕೂಡಿಸುವುದು. ಸುಮಾರು 200 ಉಪಕರಣಗಳ ಚಿತ್ರಗಳು ಈ ಭಾಗದಲ್ಲಿವೆ. ಕಲಿಯುವವನು ಗುರುವಿನ ಕೈಯನ್ನು ನೋಡಲಾಗದಿದ್ದರೂ ಪುಟದ ಮೇಲಿನ ಆಕೃತಿಯನ್ನಾದರೂ ನೋಡಲಿ ಎಂಬುದು ಅದರ ಪ್ರಯೋಜನ.

ಬೆರಳು ಮುರಿತದ ಬಗ್ಗೆ ಅವರು ನೀಡುವ ಕ್ರಮ ಸರಳವೂ ಸ್ಪಷ್ಟವೂ ಆಗಿದೆ. ಮುರಿದ ಕೈಯನ್ನು ಸಮತಟ್ಟಾದ ಹಲಗೆಯ ಮೇಲೆ ಹರಡಿ ಇಡಬೇಕು. ಸಹಾಯಕನು ಎಳೆದು ಹಿಡಿಯಬೇಕು, ವೈದ್ಯನು ಎಲುಬಿನ ತುಂಡುಗಳನ್ನು ಸರಿಯಾಗಿ ಕೂಡುವಂತೆ ಒತ್ತಿ ಜೋಡಿಸಬೇಕು. ಬಳಿಕ ಬೆರಳಿನ ಅಳತೆಗೆ ಹೊಂದುವ ಚಿಕ್ಕ ನೇರ ದಬ್ಬೆ ಕಟ್ಟಬಹುದು, ಇಲ್ಲವೇ ಮುರಿದ ಬೆರಳನ್ನು ಪಕ್ಕದ ಆರೋಗ್ಯವಂತ ಬೆರಳಿನೊಂದಿಗೆ ಸೇರಿಸಿ ಕಟ್ಟಬಹುದು. ಸಾವಿರ ವರ್ಷಗಳ ನಂತರವೂ ಮೂಳೆ ವೈದ್ಯರು ಕೆಲವು ಬೆರಳು ಮುರಿತಗಳಿಗೆ ಪಕ್ಕದ ಬೆರಳಿನೊಂದಿಗೆ ಟೇಪ್ ಸುತ್ತುತ್ತಾರೆ. ಈ ಜ್ಞಾನವೆಲ್ಲ ಅವರೊಬ್ಬರಿಂದಲೇ ಹುಟ್ಟಿದ್ದಲ್ಲ. ಗ್ರೀಕ್ ವೈದ್ಯರ, ವಿಶೇಷವಾಗಿ ಏಳನೇ ಶತಮಾನದ ಪೌಲಸ್ ಎಂಬ ವೈದ್ಯನ ಗ್ರಂಥದಿಂದ ಅವರು ಬಹಳಷ್ಟನ್ನು ಪಡೆದರು. ಪಡೆದುದನ್ನು ತಮ್ಮ ಅನುಭವದ ಒರೆಗೆ ಹಚ್ಚಿ, ತಪ್ಪೆಂದು ಕಂಡದ್ದನ್ನು ತಪ್ಪೆಂದು ಬರೆದರು. ಪರಧರ್ಮೀಯರಿಂದ ಕಲಿಯುವುದನ್ನು ಅವರು ಅವಮಾನವೆಂದು ತಿಳಿಯಲಿಲ್ಲ.

ಆದರೆ ಎಲುಬಿನ ಪ್ರಕರಣದ ಆರಂಭದಲ್ಲಿ ಅವರು ಬರೆದಿರುವ ಮಾತುಗಳನ್ನು ನಮ್ಮ ಸಮುದಾಯದ ಸಭೆಗಳಲ್ಲಿ ಕೇಳುವುದು ಅಪರೂಪ. ಹಳೆಯ ಗ್ರಂಥವೊಂದರ ಪುಟವನ್ನೂ ತಿರುವಿ ನೋಡದ ಅಜ್ಞಾನಿಗಳು ಈ ವಿದ್ಯೆ ತಮ್ಮದೆಂದು ಹೇಳಿಕೊಳ್ಳುತ್ತಿದ್ದಾರೆ, ಅದರಿಂದಾಗಿ ತಮ್ಮ ನಾಡಿನಲ್ಲಿ ಅದು ಇಲ್ಲದಂತಾಗಿದೆ, ಅದರಲ್ಲಿ ನಿಪುಣನಾದ ಒಬ್ಬನನ್ನೂ ತಾವು ಕಾಣಲಿಲ್ಲ ಎಂದು ಅವರು ವ್ಯಥೆಪಡುತ್ತಾರೆ. ತಮಗೆ ಒದಗಿದ ಅಲ್ಪಸ್ವಲ್ಪ ತಿಳಿವಳಿಕೆಯೂ ಪೂರ್ವಿಕರ ಗ್ರಂಥಗಳ ದೀರ್ಘಾಧ್ಯಯನದಿಂದ ಮತ್ತು ಜೀವಮಾನವಿಡೀ ಮಾಡಿದ ಅಭ್ಯಾಸದಿಂದ ಬಂದುದೆನ್ನುತ್ತಾರೆ. ಶರೀರರಚನೆಯನ್ನು ಅರಿಯದೆ ಕತ್ತಿ ಹಿಡಿದವರಿಂದ ರೋಗಿಗಳು ಪ್ರಾಣ ಕಳೆದುಕೊಂಡ ಘಟನೆಗಳನ್ನೂ ಅವರು ದಾಖಲಿಸಿದ್ದಾರೆ. ಕುರ್ತುಬಾದ ವೈಭವದ ನಡುಮಧ್ಯಾಹ್ನದಲ್ಲಿ, ಇಡೀ ಯುರೋಪು ಬೆರಗಾಗಿ ನೋಡುತ್ತಿದ್ದ ನಗರದಲ್ಲಿ ಕುಳಿತು ಒಬ್ಬ ಮುಸ್ಲಿಮ್ ವಿದ್ವಾಂಸ ಹೀಗೆ ಬರೆದಿದ್ದರು. ನಾವು ಸುವರ್ಣಯುಗವೆಂದು ಕರೆಯುವ ಕಾಲದಲ್ಲೂ ಅಜ್ಞಾನವಿತ್ತು. ಆ ಕಾಲವನ್ನು ಸುವರ್ಣವಾಗಿಸಿದ್ದು ಅಜ್ಞಾನವನ್ನು ಅಜ್ಞಾನವೆಂದು ಕರೆದು ಓದಲು ಕುಳಿತ ಇಂಥ ಕೆಲವರು.

ಗ್ರಂಥಗಳು ದಾಟಿದ ಗಡಿಗಳು

ಅದೇ ಕಾಲದಲ್ಲಿ ಪೂರ್ವದಲ್ಲಿ ಇಬ್ನ್ ಸೀನಾ (ಕ್ರಿ.ಶ. 980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಎಲುಬು ಮುರಿತಗಳಿಗೆ ವಿಸ್ತಾರವಾದ ಸ್ಥಾನ ನೀಡಿದರು. ಗಾಯವಾದ ಕೂಡಲೇ ಬಿಗಿಯಾದ ದಬ್ಬೆ ಕಟ್ಟದೆ, ಊತ ಇಳಿಯುವವರೆಗೆ ಕೆಲವು ದಿನ ಕಾಯಬೇಕೆಂಬುದು ಅವರ ಸಲಹೆಯಾಗಿತ್ತು. ಊದಿಕೊಳ್ಳುತ್ತಿರುವ ಅಂಗವನ್ನು ಬಿಗಿದು ಕಟ್ಟಿದರೆ ರಕ್ತಸಂಚಾರ ನಿಂತು ಅಂಗವೇ ಕೊಳೆಯುವ ಅಪಾಯವಿದೆ. ಈ ಎಚ್ಚರಿಕೆ ಇಂದಿಗೂ ಹಳೆಯದಾಗಿಲ್ಲ.

ಕ್ರಿ.ಶ. 1200ರ ನಂತರದ ಎರಡು ವರ್ಷಗಳಲ್ಲಿ ಈಜಿಪ್ಟಿನಲ್ಲಿ ಭೀಕರ ಬರಗಾಲ ಬಂದಾಗ ಅಬ್ದುಲ್ಲತೀಫ್ ಅಲ್ ಬಗ್ದಾದಿ ಎಂಬ ವೈದ್ಯರು ಅಲ್ಲಿದ್ದರು. ಕೈರೋದ ಸಮೀಪ ರಾಶಿಬಿದ್ದಿದ್ದ ಮನುಷ್ಯರ ಎಲುಬುಗಳನ್ನು ಅವರು ಪರಿಶೀಲಿಸಿದರು. ಕೆಳದವಡೆಯು ಎರಡು ಎಲುಬುಗಳ ಜೋಡಣೆಯೆಂದು ಗ್ರೀಕ್ ವೈದ್ಯ ಗ್ಯಾಲೆನ್ ಬರೆದಿದ್ದ. ಸಾವಿರ ವರ್ಷಗಳಿಂದ ಎಲ್ಲರೂ ಅದನ್ನೇ ನಂಬಿದ್ದರು. ಬಗ್ದಾದಿ ಅಸಂಖ್ಯ ದವಡೆಗಳನ್ನು ನೋಡಿದರು, ಇತರರಿಂದಲೂ ನೋಡಿಸಿದರು. ಅದು ಒಂದೇ ಎಲುಬು! ಗ್ಯಾಲೆನ್ ಎಷ್ಟೇ ದೊಡ್ಡವನಾದರೂ ಕಣ್ಣಿನ ಸಾಕ್ಷ್ಯವೇ ಹೆಚ್ಚು ನಂಬಲರ್ಹವೆಂದು ಅವರು ಬರೆದಿಟ್ಟರು. ಕ್ರಿ.ಶ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಸ್ಥಾಪಿಸಿದ ಮನ್ಸೂರಿ ಆಸ್ಪತ್ರೆಯು ವಕ್ಫ್ ಆದಾಯದಿಂದ ನಡೆಯುತ್ತಿತ್ತು. ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಅಲ್ಲಿ ಚಿಕಿತ್ಸೆ ದೊರೆಯುತ್ತಿತ್ತು.

ಅಝ್ಝಹ್ರಾವಿಯ ಶಸ್ತ್ರಚಿಕಿತ್ಸಾ ಭಾಗವನ್ನು ಹನ್ನೆರಡನೇ ಶತಮಾನದಲ್ಲಿ ಟೊಲೆಡೊ ನಗರದಲ್ಲಿ ಕ್ರೆಮೋನಾದ ಜೆರಾರ್ಡ್ ಲ್ಯಾಟಿನ್ ಭಾಷೆಗೆ ಅನುವಾದಿಸಿದ. 1497ರಲ್ಲಿ ವೆನಿಸ್‌ನಲ್ಲಿ ಅದು ಮುದ್ರಣಗೊಂಡಿತು. ಯುರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಅದನ್ನು ಆಧಾರವಾಗಿಟ್ಟುಕೊಂಡರು. 1465ರಲ್ಲಿ ಅನಾತೋಲಿಯಾದ ಅಮಾಸ್ಯಾ ನಗರದ ಶರಫುದ್ದೀನ್ ಸಾಬುಂಜುಓಗ್ಲು ಎಂಬ ವೈದ್ಯರು ಅದನ್ನು ಆಧರಿಸಿ ತುರ್ಕಿ ಭಾಷೆಯಲ್ಲಿ ಗ್ರಂಥ ರಚಿಸಿ ಸುಲ್ತಾನ್ ಮುಹಮ್ಮದ್ ಫಾತಿಹ್‌ಗೆ ಅರ್ಪಿಸಿದರು. ಚಿಕಿತ್ಸೆ ಮಾಡುತ್ತಿರುವ ವೈದ್ಯನನ್ನೂ ರೋಗಿಯನ್ನೂ ಬಣ್ಣದ ಚಿತ್ರಗಳಲ್ಲಿ ತೋರಿಸಿದ್ದು ಅವರ ಸೇರ್ಪಡೆ. ಹೀಗೆ ಗ್ರೀಸ್‌ನಿಂದ ಬಗ್ದಾದಿಗೆ, ಬಗ್ದಾದಿನಿಂದ ಕುರ್ತುಬಾಕ್ಕೆ, ಕುರ್ತುಬಾದಿಂದ ವೆನಿಸ್‌ಗೂ ಅಮಾಸ್ಯಾಗೂ ವಿದ್ಯೆ ಸಾಗಿತು.

ಬೆರಳ ತುದಿಯ ಕೀಲು ಮತ್ತು ಇಂದಿನ ಚಿಕಿತ್ಸೆ

ಇಷ್ಟಾದರೂ ಬೆರಳಿನ ಕೊನೆಯ ಕೀಲು ಬಹುಕಾಲ ವೈದ್ಯರ ಕೈಗೆ ಸಿಗದೆ ಉಳಿಯಿತು. ಅದರ ಒಳಗೆ ಏನಾಗಿದೆ ಎಂಬುದು ಹೊರಗಿನಿಂದ ಕಾಣುತ್ತಿರಲಿಲ್ಲ. ಕೊಯ್ದು ನೋಡಿದರೆ ಅಸಹನೀಯ ನೋವು, ನಂತರ ಕೀವು. ಈ ಮೂರೂ ಅಡ್ಡಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಒಂದೊಂದಾಗಿ ಸರಿದವು. 1846ರಲ್ಲಿ ಬಾಸ್ಟನ್‌ನಲ್ಲಿ ಈಥರ್ ಅರಿವಳಿಕೆಯ ಬಹಿರಂಗ ಪ್ರಯೋಗ ನಡೆಯಿತು. 1851ರಲ್ಲಿ ಡಚ್ ಸೈನಿಕ ವೈದ್ಯ ಮಥೈಸನ್, ಜಿಪ್ಸಮ್ ಪುಡಿ ತುಂಬಿದ ಬಟ್ಟೆಯ ಪಟ್ಟಿಯನ್ನು ಒದ್ದೆ ಮಾಡಿ ಸುತ್ತುವ ಪ್ಲಾಸ್ಟರ್ ವಿಧಾನವನ್ನು ಬಳಕೆಗೆ ತಂದ. 1867ರಲ್ಲಿ ಜೋಸೆಫ್ ಲಿಸ್ಟರ್ ಗಾಯ ಕೊಳೆಯದಂತೆ ತಡೆಯುವ ತನ್ನ ಕ್ರಮವನ್ನು ಪ್ರಕಟಿಸಿದ. 1895ರ ಡಿಸೆಂಬರ್‌ನಲ್ಲಿ ಜರ್ಮನಿಯ ವಿಜ್ಞಾನಿ ರೋಂಟ್ಗೆನ್ ತಾನು ಕಂಡುಹಿಡಿದ ಎಕ್ಸ್‌ರೇಯಿಂದ ತನ್ನ ಪತ್ನಿಯ ಕೈಯ ಚಿತ್ರ ತೆಗೆದ. ಜೀವಂತ ಮನುಷ್ಯರ ಎಲುಬನ್ನು ಲೋಕಕ್ಕೆ ತೋರಿಸಿದ ಆ ಪ್ರಸಿದ್ಧ ಚಿತ್ರದಲ್ಲಿ ಕಂಡದ್ದು ಬೆರಳುಗಳೇ! 1909ರಲ್ಲಿ ಜರ್ಮನಿಯ ಮಾರ್ಟಿನ್ ಕಿರ್ಷ್ನರ್ ಎಲುಬಿಗೆ ಚುಚ್ಚುವ ತೆಳುವಾದ ಉಕ್ಕಿನ ತಂತಿಯನ್ನು ಪರಿಚಯಿಸಿದ. ಇಂದಿಗೂ ಆಸ್ಪತ್ರೆಗಳಲ್ಲಿ ಅದನ್ನು 'ಕೆ ವೈರ್' ಎಂದು ಅವನ ಹೆಸರಿನಿಂದಲೇ ಕರೆಯುತ್ತಾರೆ.

ಬೆರಳ ತುದಿಯ ಕೀಲಿಗೆ ಆಗುವ ಸಾಮಾನ್ಯ ಗಾಯವನ್ನು ನಮ್ಮ ಮನೆಗಳಲ್ಲೇ ಕಾಣಬಹುದು. ಮಗ ಕ್ರಿಕೆಟ್ ಆಡುವಾಗ ಚೆಂಡು ನೇರವಾಗಿ ಬೆರಳ ತುದಿಗೆ ಬಡಿಯುತ್ತದೆ. ಹಾಸಿಗೆಯ ಹೊದಿಕೆಯನ್ನು ಒಳಗೆ ತುರುಕುವಾಗ ತಾಯಿಯ ಬೆರಳು ಮಡಚಿಕೊಳ್ಳುತ್ತದೆ. ಬೆರಳಿನ ಮೇಲ್ಭಾಗದಲ್ಲಿ ಸಾಗುವ ಸ್ನಾಯುರಜ್ಜು ಕೊನೆಯ ಎಲುಬಿನ ಬುಡಕ್ಕೆ ಅಂಟಿಕೊಂಡಿರುತ್ತದೆ. ತುದಿಯನ್ನು ನೇರವಾಗಿ ಎತ್ತಿ ಹಿಡಿಯುವುದು ಅದೇ. ಹೊಡೆತಕ್ಕೆ ಅದು ಹರಿಯುತ್ತದೆ ಅಥವಾ ಎಲುಬಿನ ಒಂದು ಚೂರನ್ನೇ ಕಿತ್ತುಕೊಂಡು ಹೋಗುತ್ತದೆ. ಆಗ ತುದಿ ಜೋತುಬೀಳುತ್ತದೆ. ಇನ್ನೊಂದು ಕೈಯಿಂದ ಎತ್ತಿದರೆ ಏಳುತ್ತದೆ, ತಾನಾಗಿ ಏಳುವುದಿಲ್ಲ. ನೋವು ಅಷ್ಟೇನೂ ಇಲ್ಲದಿರುವುದರಿಂದ ಜನರು ಅದನ್ನು ಉಳುಕೆಂದು ತಿಳಿದು ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ತಿಂಗಳುಗಳ ನಂತರ ತುದಿ ಬಾಗಿಯೇ ಉಳಿದಾಗ ವೈದ್ಯರ ಬಳಿ ಓಡುತ್ತಾರೆ.

ಇಂಥ ಹೆಚ್ಚಿನ ಗಾಯಗಳಿಗೆ ಕತ್ತಿ ಬೇಕಾಗಿಲ್ಲ. ತುದಿಯನ್ನು ನೇರವಾಗಿ ಹಿಡಿದಿಡುವ ಪುಟ್ಟ ಸ್ಪ್ಲಿಂಟ್ ಅನ್ನು ಆರರಿಂದ ಎಂಟು ವಾರ ಬಿಡದೆ ಧರಿಸಿದರೆ ಸಾಕಾಗುತ್ತದೆ. ಬಿಡದೆ ಎಂಬುದೇ ಇಲ್ಲಿ ಮುಖ್ಯ. ಚರ್ಮ ಒಣಗಿಸಲು ಸ್ಪ್ಲಿಂಟ್ ತೆಗೆದಾಗಲೂ ತುದಿಯನ್ನು ಮೇಜಿನ ಮೇಲೆ ಒತ್ತಿ ನೇರವಾಗಿಯೇ ಇಡಬೇಕು. ಒಮ್ಮೆ ತುದಿ ಬಾಗಿತೆಂದರೆ ಕೂಡುತ್ತಿದ್ದ ಎಳೆ ಮತ್ತೆ ಕಿತ್ತುಹೋಗಬಹುದು, ವಾರಗಳ ಎಣಿಕೆಯನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಕಿತ್ತುಬಂದ ಎಲುಬಿನ ಚೂರು ದೊಡ್ಡದಾಗಿದ್ದರೆ, ಅಂದರೆ ಕೀಲಿನ ಮೇಲ್ಮೈಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದರೆ, ಅಥವಾ ಕೊನೆಯ ಎಲುಬು ಕೀಲಿನಿಂದ ಅಂಗೈಯ ಕಡೆಗೆ ಜಾರಿದ್ದರೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಆಲೋಚಿಸುತ್ತಾರೆ. 1980ರ ದಶಕದ ಕೊನೆಯಲ್ಲಿ ಜಪಾನಿನ ವೈದ್ಯ ಇಶಿಗುರೊ ಮತ್ತು ಅವರ ಸಂಗಡಿಗರು ಇದಕ್ಕೆ ಒಂದು ಸುಂದರ ಉಪಾಯವನ್ನು ವಿವರಿಸಿದರು. ಬೆರಳಿಗೆ ಮಾತ್ರ ಮರಗಟ್ಟುವ ಚುಚ್ಚುಮದ್ದು ನೀಡಿ, ತುದಿಯನ್ನು ಪೂರ್ತಿ ಮಡಚಿ, ಎಲುಬಿನ ಚೂರಿನ ಹಿಂದೆಯೇ ಒಂದು ತಂತಿಯನ್ನು ಓರೆಯಾಗಿ ಚುಚ್ಚುತ್ತಾರೆ. ಚೂರು ಹಿಂದಕ್ಕೆ ಸರಿಯದಂತೆ ಅದು ತಡೆಗೋಲಾಗುತ್ತದೆ. ಈಗ ತುದಿಯನ್ನು ನೇರಗೊಳಿಸಿದರೆ ಮುರಿದ ಎಲುಬು ತಾನಾಗಿ ಬಂದು ಚೂರಿಗೆ ತಾಗಿ ಕೂಡುತ್ತದೆ. ಇನ್ನೊಂದು ತಂತಿಯನ್ನು ಬೆರಳ ತುದಿಯಿಂದ ಕೀಲಿನ ಮೂಲಕ ಉದ್ದಕ್ಕೆ ಸಾಗಿಸಿ ಕೀಲನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ. ಹೀಗೆ ಕೀಲನ್ನು ಕೊಯ್ದು ತೆರೆಯದೆಯೇ ಕೆಲಸ ಮುಗಿಯುತ್ತದೆ. ಸುಮಾರು ನಾಲ್ಕರಿಂದ ಆರು ವಾರಗಳ ನಂತರ ತಂತಿಗಳನ್ನು ತೆಗೆಯುತ್ತಾರೆ.

ಇದಕ್ಕೆ ವಿರುದ್ಧವಾದ ಗಾಯವೂ ಇದೆ. ಓಡುವವನ ಅಂಗಿಯನ್ನು ಹಿಡಿದೆಳೆಯುವಾಗ ಬೆರಳನ್ನು ಮಡಚುವ ಕೆಳಭಾಗದ ಸ್ನಾಯುರಜ್ಜು ಕಿತ್ತುಬಂದು ಅಂಗೈಯೊಳಗೆ ಹಿಂಜಾರಬಹುದು. ಆಗ ತುದಿಯನ್ನು ಮಡಚಲಾಗುವುದಿಲ್ಲ. ಇದಕ್ಕೆ ಶಸ್ತ್ರಚಿಕಿತ್ಸೆ ಬೇಕು, ಅದೂ ಆದಷ್ಟು ಬೇಗ, ಒಂದು ವಾರ ಹತ್ತು ದಿನಗಳೊಳಗೆ. ಮಗುವಿನ ಬೆರಳು ಬಾಗಿಲಿನ ಸಂದಿಗೆ ಸಿಕ್ಕಿ ಉಗುರು ಒಡೆದು ಎಲುಬೂ ಮುರಿದಿದ್ದರೆ, ಅದು ತೆರೆದ ಮುರಿತ. ಅದನ್ನು ತೊಳೆದು, ಉಗುರಿನ ಕೆಳಗಿನ ಪದರವನ್ನು ಹೊಲಿದು, ಸೋಂಕು ತಗಲದಂತೆ ನೋಡಿಕೊಳ್ಳಬೇಕು. ಇವುಗಳಲ್ಲಿ ಯಾವುದು ಯಾವುದೆಂಬುದನ್ನು ನಿರ್ಧರಿಸುವುದು ಎಕ್ಸ್‌ರೇ ಮತ್ತು ಅದನ್ನು ಓದಬಲ್ಲ ಕಣ್ಣು.

ನಮ್ಮ ಮುಂದಿರುವ ಎರಡು ಪ್ರಶ್ನೆಗಳು

ಈ ಇತಿಹಾಸವನ್ನು ಬರೆದುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ವುಝೂ. ನಮ್ಮ ಹಿರಿಯರಲ್ಲಿ ಅನೇಕರು ದಿನಕ್ಕೆ ಐದು ಬಾರಿ ಸ್ಪ್ಲಿಂಟ್ ಬಿಚ್ಚಿ ಕೈ ತೊಳೆಯುವುದನ್ನು ಧರ್ಮನಿಷ್ಠೆಯೆಂದು ಭಾವಿಸುತ್ತಾರೆ. ತಂತಿ ಹೊರಚಾಚಿರುವ ಬೆರಳನ್ನೂ ನೀರಿಗೆ ಒಡ್ಡುತ್ತಾರೆ. ಪರಿಣಾಮವಾಗಿ ಎಂಟು ವಾರಗಳ ಚಿಕಿತ್ಸೆ ವ್ಯರ್ಥವಾಗುತ್ತದೆ ಅಥವಾ ತಂತಿಯ ಗುಂಟ ಕೀವಾಗುತ್ತದೆ. ಆದರೆ ಕರ್ಮಶಾಸ್ತ್ರ ಗ್ರಂಥಗಳಲ್ಲಿ 'ಜಬೀರಃ'ದ ಮೇಲೆ ಒದ್ದೆ ಕೈ ಸವರುವ ವಿಧಿಗೆಂದೇ ಪ್ರತ್ಯೇಕ ಚರ್ಚೆಯಿದೆ. ತೆಗೆದರೆ ಹಾನಿಯಾಗುವ ಪಟ್ಟಿಯನ್ನು ತೆಗೆಯಬೇಕಾಗಿಲ್ಲ ಎಂಬ ವಿಷಯದಲ್ಲಿ ನಾಲ್ಕೂ ಮದ್‌ಹಬ್‌ಗಳು ಒಮ್ಮತ ಹೊಂದಿವೆ. ಆರೋಗ್ಯವಂತ ಭಾಗವನ್ನು ತೊಳೆದು ಪಟ್ಟಿಯ ಮೇಲೆ ಸವರುವುದು ಅದರ ಮೂಲ ಕ್ರಮ. ವಿವರಗಳಲ್ಲಿ ವ್ಯತ್ಯಾಸವಿದೆ. ನಮ್ಮ ಕರಾವಳಿಯ ಬಹುಪಾಲು ಕುಟುಂಬಗಳು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಸವರುವುದರ ಜೊತೆಗೆ ತಯಮ್ಮುಮ್ ಕೂಡ ಇದೆ, ಗುಣವಾದ ನಂತರ ನಮಾಝನ್ನು ಮರಳಿ ನಿರ್ವಹಿಸುವ ಕುರಿತಾದ ನಿಯಮಗಳೂ ಇವೆ. ಒಳನಾಡಿನಲ್ಲಿ ಹೆಚ್ಚಾಗಿರುವ ಹನಫೀ ಮದ್‌ಹಬ್‌ನಲ್ಲಿ ಕ್ರಮ ಬೇರೆ. ಆದ್ದರಿಂದ ತಂತಿ ಹಾಕಿಸಿಕೊಂಡ ದಿನವೇ ವೈದ್ಯರನ್ನು ನೀರಿನ ಬಗ್ಗೆಯೂ ಉಸ್ತಾದರನ್ನು ವುಝೂವಿನ ಬಗ್ಗೆಯೂ ಕೇಳಿಕೊಳ್ಳಬೇಕು.

ಅಬೂದಾವೂದ್ ಗ್ರಂಥದಲ್ಲಿ ಹಝ್ರತ್ ಜಾಬಿರ್(ರ) ಅವರಿಂದ ವರದಿಯಾದ ಒಂದು ಘಟನೆಯಿದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ತಗಲಿ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ ರಿಯಾಯಿತಿ ಇದೆಯೇ ಎಂದು ಸಂಗಡಿಗರನ್ನು ಕೇಳಿದರು. ಇಲ್ಲವೆಂದು ಅವರು ಹೇಳಿದರು. ಸ್ನಾನ ಮಾಡಿದ ಆ ವ್ಯಕ್ತಿ ಮರಣ ಹೊಂದಿದರು. ವಿಷಯ ತಿಳಿದ ಪ್ರವಾದಿ(ಸ) ತೀವ್ರವಾಗಿ ನೊಂದು, ಆ ಜನರೇ ಅವರನ್ನು ಕೊಂದರೆಂದು ಹೇಳಿದರು. ಅರಿಯದವನಿಗೆ ಕೇಳುವುದೇ ಔಷಧವೆಂದು ಕಲಿಸಿದರು. ಧರ್ಮದ ಹೆಸರಿನಲ್ಲಿ ಅರಿವಿಲ್ಲದೆ ನೀಡಿದ ಉತ್ತರವೊಂದು ಪ್ರಾಣವನ್ನೇ ತೆಗೆಯಿತು.

ಎರಡನೆಯದು ವಿದ್ಯೆ. ಮೂಳೆ ಮುರಿದಾಗ ಎಕ್ಸ್‌ರೇ ತೆಗೆಸದೆ, ಓದಿಲ್ಲದವರ ಕೈಯಲ್ಲಿ ಬಿಗಿಯಾದ ಕಟ್ಟು ಹಾಕಿಸಿಕೊಂಡು ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಬರುವವರು ಇಂದಿಗೂ ಇದ್ದಾರೆ. ಪರಂಪರೆಯಿಂದ ಕಲಿತ ಎಲ್ಲರನ್ನೂ ನಾವು ಹೀಗಳೆಯುವುದಿಲ್ಲ. ಕೆಲವರ ಕೈಯಲ್ಲಿ ನಿಜವಾದ ಅನುಭವವಿದೆ. ಆದರೆ ಬಿಗಿಯಾದ ಕಟ್ಟಿನ ಅಪಾಯವನ್ನು ಇಬ್ನ್ ಸೀನಾ ಹಿಂದೆಯೇ ಮನಗಂಡಿದ್ದರು. ಓದದ ಕೈಗಳ ಅಪಾಯವನ್ನು ಅಝ್ಝಹ್ರಾವಿ ಬರೆದಿದ್ದರು. ಸಭೆಗಳಲ್ಲಿ ಅವರ ಹೆಸರುಗಳನ್ನು ಅಭಿಮಾನದಿಂದ ಉಚ್ಚರಿಸಿ, ಮನೆಗೆ ಬಂದು ಅವರು ಎಚ್ಚರಿಸಿದ ತಪ್ಪನ್ನೇ ಮಾಡಿದರೆ ಆ ಅಭಿಮಾನಕ್ಕೆ ಏನರ್ಥ? ಅವರ ನಿಜವಾದ ವಾರಸುದಾರರು, ಅವರ ಧರ್ಮ ಯಾವುದೇ ಇರಲಿ, ಇಂದು ರಾತ್ರಿ ಎಕ್ಸ್‌ರೇಯ ಮುಂದೆ ನಿಂತು ಬಡವನೊಬ್ಬನ ಬೆರಳ ತುದಿಯನ್ನು ಉಳಿಸಲು ಹೆಣಗುತ್ತಿರುವ ವೈದ್ಯರು. ನಮ್ಮ ಮಕ್ಕಳೂ ಆ ಸಾಲಿಗೆ ಸೇರುವಂತೆ ಓದಿಸುವುದು ನಮ್ಮ ಮೇಲಿನ ಋಣ.

ಚಿಕಿತ್ಸೆ ಪಡೆಯುವುದು ಅಲ್ಲಾಹನ ಮೇಲಿನ ಭರವಸೆಗೆ ವಿರುದ್ಧವಲ್ಲ. ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದ ಗ್ರಾಮೀಣ ಅರಬರಿಗೆ, ಪಡೆಯಿರೆಂದೂ, ಮುಪ್ಪೊಂದನ್ನು ಬಿಟ್ಟು ಯಾವ ರೋಗವನ್ನೂ ಅಲ್ಲಾಹನು ಔಷಧವಿಲ್ಲದೆ ಇಟ್ಟಿಲ್ಲವೆಂದೂ ಪ್ರವಾದಿ(ಸ) ತಿಳಿಸಿದ್ದಾರೆ. ವೈದ್ಯನು ಎಲುಬಿನ ತುಂಡುಗಳನ್ನು ಹತ್ತಿರ ತಂದು ಹಿಡಿದಿಡುತ್ತಾನೆ, ಅಷ್ಟೇ. ಅವುಗಳ ನಡುವೆ ಹೊಸ ಎಲುಬನ್ನು ಬೆಳೆಸುವುದು ಯಾವ ತಂತಿಯಿಂದಲೂ ಆಗುವುದಿಲ್ಲ. ಕುರ್ತುಬಾದ ಹಲಗೆಯ ಮೇಲೆ ಹರಡಿದ ಕೈಯಲ್ಲೂ ಇಂದಿನ ಶಸ್ತ್ರಚಿಕಿತ್ಸಾ ಕೊಠಡಿಯ ಕೈಯಲ್ಲೂ ಆ ಕೆಲಸ ಮಾಡಿದವನು ಒಬ್ಬನೇ.

ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಬೆರಳುಗಳು, ಗಾರೆ ಕಲಸುವ, ಬಲೆ ಹೆಣೆಯುವ, ಅಕ್ಷರ ತಿದ್ದಿಸುವ ಬೆರಳುಗಳು ನಮ್ಮ ಮನೆಗಳ ಅನ್ನ. ಅವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತುಗಳು, ನಾಳೆ ಅವನ ಮುಂದೆ ಸಾಕ್ಷಿ ನುಡಿಯುವವುಗಳು. ಮುರಿದುದನ್ನು ಜೋಡಿಸುವ ಅಲ್ ಜಬ್ಬಾರನು ಗಾಯಗೊಂಡವರಿಗೆ ಶಮನವನ್ನೂ, ಗುಣಪಡಿಸುವ ಕೈಗಳಿಗೆ ನೈಪುಣ್ಯವನ್ನೂ, ನಮಗೆಲ್ಲರಿಗೂ ಅರಿಯದ್ದನ್ನು ಕೇಳಿ ತಿಳಿಯುವ ವಿನಯವನ್ನೂ ಅನುಗ್ರಹಿಸಲಿ. ಆಮೀನ್.